ಹಪ್ಪಳದ ಸೂರು

ಒಳ್ಳೆಯ ಕಟ್ಟಡದ ಕಲ್ಪನೆ ಒಬ್ಬನ ತಲೆಯಲ್ಲಿ ಹುಟ್ಟಬಾರದು, ನಾಲ್ಕು ಜನರ ನಡುವೆ ಹುಟ್ಟಬೇಕು ಎಂಬ ಜ್ಞಾನೋದಯ ನನಗಾದದ್ದು ಚೆನ್ನೈನ ತಾಂಬರಂ ಲೋಕಲ್ ಟ್ರೇನಿನಲ್ಲಿ, ನಿಂತುಕೊಂಡು. ಕೂರಲು ಜಾಗ ಸಿಕ್ಕಿದ್ದರೆ ನಿದ್ದೆ ಬರುತ್ತಿತ್ತು. ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ನಾನು ಹಾಸನದ ಕಡೆಯವನು, ವೃತ್ತಿಯಿಂದ ಆರ್ಕಿಟೆಕ್ಟ್. ತಾಂಬರಂನಲ್ಲಿ ಒಂದು ಹೊಲಿಗೆ ಅಂಗಡಿಯ ಮಹಡಿಯ ಮೇಲೆ ಸ್ಟುಡಿಯೊ ತೆರೆದಿದ್ದೇನೆ. ಬೋರ್ಡಿನಲ್ಲಿ ‘ಸ್ಟುಡಿಯೊ’ ಎಂದು ಬರೆಸಿದ ತಪ್ಪಿಗೆ ಪಾಸ್‌ಪೋರ್ಟ್ ಫೋಟೊ ತೆಗೆಸಿಕೊಳ್ಳುವವರು ಆಗಾಗ ಮೆಟ್ಟಿಲು ಹತ್ತಿ ಬರುತ್ತಾರೆ. ಕಟ್ಟಡ ಕಟ್ಟಿಸುವವರು ಅಷ್ಟಾಗಿ ಬರುವುದಿಲ್ಲ.

ನನ್ನ ಜೊತೆ ಇಬ್ಬರು ಕೆಲಸ ಮಾಡುತ್ತಾರೆ. ಜಯಂತಿಯ ಮನೆಯವರು ಹೊಸೂರಿನ ಕಡೆಯ ಕನ್ನಡದವರು, ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಅವಳ ವಾಕ್ಯ ಕನ್ನಡದಲ್ಲಿ ಹತ್ತಿ ತಮಿಳಿನಲ್ಲಿ ಇಳಿಯುತ್ತದೆ. ಎಳೆದ ಗೆರೆ ಮಾತ್ರ ಹೊರಟಲ್ಲಿಂದ ಸೇರಬೇಕಾದಲ್ಲಿಗೆ ನೇರವಾಗಿ ಹೋಗುತ್ತದೆ. ಪ್ರವೀಣ ಮಂಡ್ಯದವನು, ಮಾದರಿ ಮಾಡುವುದರಲ್ಲಿ ನಿಪುಣ. ಕೈಗೆ ರಟ್ಟು, ಬ್ಲೇಡು, ಗೋಂದು ಕೊಟ್ಟರೆ ಊಟ ಮರೆಯುತ್ತಾನೆ. ಊಟ ಕೊಟ್ಟರೆ ರಟ್ಟು ಮರೆಯುತ್ತಾನೆ.

ಅದುವರೆಗೆ ನಾವು ಲೋಕಕ್ಕೆ ಸಲ್ಲಿಸಿದ ಸೇವೆಯೆಂದರೆ ಕೆಲವು ಕಾಂಪೌಂಡ್ ಗೋಡೆಗಳು, ಒಂದಿಷ್ಟು ಅಡಿಗೆಮನೆಯ ಕಪಾಟುಗಳು, ಮತ್ತು ಮಾಧವರಂನಲ್ಲಿ ಒಬ್ಬರ ತಾರಸಿಯ ನೀರಿನ ಟ್ಯಾಂಕು ಕಾಣದಂತೆ ಕಟ್ಟಿದ ಒಂದು ಗೋಪುರ. ನೆಲದಿಂದ ಎದ್ದು ನಿಂತ ಪೂರ್ತಿ ಕಟ್ಟಡ ಒಂದೂ ಇರಲಿಲ್ಲ. ಜಯಂತಿಗೆ ಊರಿನ ದೊಡ್ಡ ಆರ್ಕಿಟೆಕ್ಟ್ ಕಚೇರಿಯೊಂದರಿಂದ ಕೆಲಸಕ್ಕೆ ಕರೆ ಬಂದಿತ್ತು. ಅವಳು ಅದನ್ನು ಮುಚ್ಚಿಡಲಿಲ್ಲ.

“ಒಂದು ಫುಲ್ ಬಿಲ್ಡಿಂಗ್ ಬಂದ್ರೆ ಇರ್ತೀನಿ ಸಾರ್. ಇಲ್ಲಾಂದ್ರೆ ರೊಂಬ ಕಷ್ಟಂ.”

ಅಂಥ ಹೊತ್ತಿನಲ್ಲಿ ಬಂದವರು ಐತಾಳರು. ಉಡುಪಿ ಕಡೆಯವರು. ಅವರ ತಂದೆ ನಗರದಲ್ಲಿ ಆರಂಭಿಸಿದ ಸಸ್ಯಾಹಾರಿ ಹೋಟೆಲನ್ನು ಈಗ ಅವರು ನಡೆಸುತ್ತಿದ್ದಾರೆ. ಶೋಳಿಂಗನಲ್ಲೂರಿನ ಐಟಿ ಕಚೇರಿಗಳ ನಡುವೆ ಒಂದು ನಿವೇಶನವಿತ್ತು, ಅಲ್ಲಿ ಹೊಸ ಹೋಟೆಲು ಕಟ್ಟಬೇಕಿತ್ತು.

“ನೋಡಿ, ನಂಗೆ ಗಾಜಿನ ಪೆಟ್ಟಿಗೆ ಬೇಡ. ಅಲ್ಲಿ ಸುತ್ತ ಎಲ್ಲ ಗಾಜೇ ಉಂಟು. ರಸ್ತೆಯಲ್ಲಿ ಹೋಗುವವ ಕಂಡು, ಇದೆಂತದಪ್ಪಾ ಅಂತ ಬ್ರೇಕ್ ಹಾಕ್ಬೇಕು” ಎಂದರು.

“ಹಾಕಿಸ್ತೀನಿ ಸರ್” ಎಂದೆ, ಅವರು ಹೇಳಿ ಮುಗಿಸುವ ಮೊದಲೇ.

“ಮತ್ತೆ ಅಮ್ಮನಿಗೆ ಒಪ್ಪಿಗೆ ಆಗ್ಬೇಕು. ಅಮ್ಮ ಒಪ್ಪದೆ ನಮ್ಮಲ್ಲಿ ಒಂದು ಸೌಟು ಕೂಡ ಬದ್ಲಾಗುದಿಲ್ಲ ಮಾರಾಯ್ರೆ.”

ಅಮ್ಮನನ್ನು ಒಪ್ಪಿಸುವುದು ಏನು ಮಹಾ! ನಾನು ಟ್ರೇನಿನ ಜ್ಞಾನೋದಯವನ್ನು ಜಾರಿಗೆ ತರಲು ನಿರ್ಧರಿಸಿದೆ. ಮಾರನೆಯ ದಿನ ಸ್ಟುಡಿಯೊದ ಸರ್ವಸದಸ್ಯರ ಸಭೆ ಸೇರಿಸಿದೆ. ಮೂವರೂ ಹಾಜರಿದ್ದೆವು.

“ಇನ್ನು ಮುಂದೆ ಇಲ್ಲಿ ದೊಡ್ಡವರು, ಚಿಕ್ಕವರು ಅಂತಿಲ್ಲ. ಪ್ರತಿಯೊಬ್ಬರೂ ತಮಗೆ ಹೊಳೆದದ್ದನ್ನ ಬರೆದು ಗೋಡೆಗೆ ಅಂಟಿಸಬೇಕು. ಹೆಸರು ಹಾಕಬಾರದು. ಯಾರದು ಅಂತ ಗೊತ್ತಾಗಬಾರದು. ಕಲ್ಪನೆ ಮಾತ್ರ ಮಾತಾಡಬೇಕು!” ಎಂದು ಘೋಷಿಸಿದೆ.

ಪ್ರವೀಣ ಕೈ ಎತ್ತಿದ. “ಅಂದ್ರೆ ಸಾ, ನಿಮ್ದು ಚೆನಾಗಿಲ್ಲ ಅಂದ್ರೂ ಏನೂ ಅನ್ಕಳಲ್ವಾ?”

“ಧಾರಾಳವಾಗಿ ಹೇಳಬಹುದು” ಎಂದೆ. ಹೇಳುವ ಸಂದರ್ಭವೇ ಬರುವುದಿಲ್ಲ ಎಂಬ ಧೈರ್ಯವಿತ್ತು.

ಆ ಭಾನುವಾರವಿಡೀ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ನನ್ನ ಚಿತ್ರ ಬರೆದೆ. ಸಾಲು ಕಂಬಗಳು, ಅವುಗಳ ಮೇಲೆ ಕಮಾನುಗಳು, ಕಮಾನುಗಳ ಮೇಲೆ ಮತ್ತೆ ಚಿಕ್ಕ ಕಮಾನುಗಳು. ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ಗೋಡೆಗೆ ಅಂಟಿಸಿದೆ. ಮಧ್ಯಾಹ್ನದ ಹೊತ್ತಿಗೆ ಮೂರೂ ಚಿತ್ರಗಳು ಬಂದಿದ್ದವು. ನಾವು ಕೈಕಟ್ಟಿ ಮುಂದೆ ನಿಂತೆವು.

ಜಯಂತಿ ನೇರವಾಗಿ ನನ್ನದರ ಮುಂದೆ ಹೋದಳು. “ಇದು ಯಾರ್ದುಪ್ಪಾ? ಕಲ್ಯಾಣ ಮಂಟಪಂ ಮಾದಿರಿ ಇದೆ.”

“ಬರೀ ಕಲ್ಯಾಣ ಮಂಟಪ ಅಲ್ಲ ಅಕ್ಕ. ಮದ್ವೆ ನಿಂತೋಗಿರೋ ಕಲ್ಯಾಣ ಮಂಟಪ!” ಎಂದ ಪ್ರವೀಣ.

ಇಬ್ಬರೂ ನಕ್ಕರು. ನಾನು ಅವರಿಗಿಂತ ಜೋರಾಗಿ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. “ಯಾರಪ್ಪಾ ಇದನ್ನ ಬರೆದೋರು!” ಎಂದು ಕಣ್ಣೊರೆಸಿಕೊಂಡು, ನನ್ನ ಭಾನುವಾರವನ್ನು ನನ್ನ ಕೈಯಿಂದಲೇ ಕಿತ್ತು ಬುಟ್ಟಿಗೆ ಹಾಕಿದೆ.

ಸಂಜೆ ಹೆಂಡತಿ ಸುಧಾಗೆ ಇದನ್ನು ಹೇಳಿ, “ಸದ್ಯ, ಯಾರಿಗೂ ಗೊತ್ತಾಗಲಿಲ್ಲ” ಎಂದೆ.

ಅವಳು ಸೊಪ್ಪು ಬಿಡಿಸುತ್ತ ಕುಳಿತಿದ್ದಳು. “ಅಲ್ಲ ರೀ, ಇರೋದೇ ಮೂರು ಜನ. ಅವಳದು ಯಾವುದು ಅಂತ ಅವಳಿಗೆ ಗೊತ್ತು. ಅವನದು ಅವನಿಗೆ ಗೊತ್ತು. ಇಬ್ಬರೂ ಸೇರಿ ಮೂರನೇದಕ್ಕೆ ನಗ್ತಿದ್ದಾರೆ ಅಂದ್ರೆ ಅದು ಯಾರದು?”

ನನ್ನ ವಿಧಾನದ ಈ ಸಣ್ಣ ನ್ಯೂನತೆ ನನಗೆ ಹೊಳೆದಿರಲಿಲ್ಲ.

ಆದರೂ ವಿಧಾನವನ್ನು ಕೈಬಿಡಲಿಲ್ಲ. ಕೈಬಿಟ್ಟರೆ ಬರೆದದ್ದು ನಾನೇ ಎಂದು ಒಪ್ಪಿಕೊಂಡಂತೆ. ಉಳಿದ ಎರಡು ಚಿತ್ರಗಳನ್ನು ಸೇರಿಸುವುದೆಂದಾಯಿತು. ಜಯಂತಿಯದು ಒಂದೇ ದೊಡ್ಡ ಮಾಡು, ಗಾಳಿಗೆ ಉಬ್ಬಿದ ಶಾಮಿಯಾನದಂತೆ ಬಾಗಿ ಬಳುಕಿದ್ದು, ಅದರ ಕೆಳಗೆ ಇಡೀ ಹೋಟೆಲು. ಪ್ರವೀಣನದು ಗಿರಾಕಿಗಳಿಗೆ ಕಾಣುವಂತೆ ದೋಸೆಯ ಹಂಚು. ನನ್ನದೂ ಏನಾದರೂ ಇರಲಿ ಎಂದು ನಾನೊಂದು ಸೇರಿಸಿದೆ: ರಸ್ತೆಗೆ ಹತ್ತಿರವಾಗಿ, ಮುಂದಿನ ಮೂಲೆಯಲ್ಲಿ ಟಾಯ್ಲೆಟ್.

“ಮುಂದೇನಾ ಸಾರ್?” ಜಯಂತಿ ಎರಡು ಸಲ ಕೇಳಿದಳು.

“ದೂರದಿಂದ ಬರೋರಿಗೆ ಮೊದಲು ಬೇಕಾಗೋದು ಅದೇ” ಎಂದೆ. ಮಾಲೀಕನಾದ ಕಾರಣ ಈ ಕಲ್ಪನೆ ಅವಿರೋಧವಾಗಿ ಅಂಗೀಕಾರವಾಯಿತು.

ಇನ್ನು ಮಾದರಿ. ಗೋಡೆಗಳೇನೋ ರಟ್ಟಿನಲ್ಲಿ ಎದ್ದವು, ಆ ಮಾಡು ಮಾತ್ರ ಏಳಲಿಲ್ಲ. ಕಾಗದ ಒಂದು ಕಡೆಗೆ ಬಾಗಿದರೆ ಇನ್ನೊಂದು ಕಡೆಗೆ ಮುರಿಯುತ್ತಿತ್ತು. ಬಟ್ಟೆಗೆ ಗೋಂದು ಹಚ್ಚಿ ಒಣಗಿಸಿದರೆ ಒಣಗಿದ ಬನಿಯನ್ನಿನಂತೆ ಕಾಣುತ್ತಿತ್ತು. ಥರ್ಮೋಕೋಲು ಕೆತ್ತಿ ಕೆತ್ತಿ ಪ್ರವೀಣ ತಲೆಯಿಂದ ಪಾದದವರೆಗೆ ಬೆಳ್ಳಗಾದ. ಐತಾಳರಿಗೆ ತೋರಿಸಬೇಕಾದ ದಿನ ಹತ್ತಿರ ಬರುತ್ತಿತ್ತು. ನಾನು ಊಟಕ್ಕೆ ಕುಳಿತರೂ ಅದೇ ಯೋಚನೆ. ಸುಧಾ ತಟ್ಟೆಯ ಪಕ್ಕದಲ್ಲಿ ಒಂದು ಉದ್ದಿನ ಹಪ್ಪಳ ಇಟ್ಟು ಹೋದಳು.

ನಾನು ಅದನ್ನು ನೋಡಿದೆ. ಮಧ್ಯದಲ್ಲಿ ಉಬ್ಬಿತ್ತು, ಅಂಚಿನಲ್ಲಿ ಬಳುಕಿತ್ತು. ಒಂದು ಬದಿ ಆಕಾಶ ನೋಡುತ್ತಿತ್ತು, ಇನ್ನೊಂದು ನೆಲ ನೋಡುತ್ತಿತ್ತು. ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ತಿರುಗಿಸಿದೆ. ಜಯಂತಿಯ ಮಾಡು!

“ರೀ, ಅದು ತಿನ್ನೋಕೆ ಕರಿದಿರೋದು. ಆರತಿ ಎತ್ತೋಕಲ್ಲ” ಎಂದಳು ಸುಧಾ.

ಮಾರನೆಯ ದಿನ ತಟ್ಟೆಯಷ್ಟು ಅಗಲದ ಹಪ್ಪಳಗಳನ್ನು ತಂದೆ. ಸ್ಟುಡಿಯೊ ಎಂಬುದು ಅಂದು ನಮ್ಮ ಮನೆಯ ಅಡಿಗೆಮನೆಗೆ ಸ್ಥಳಾಂತರವಾಯಿತು. ಸುಧಾ ಒಲೆಯ ಮುಂದೆ, ನಾನು ಅವಳ ಹಿಂದೆ, ನನ್ನ ಹಿಂದೆ ಮೂಲ ಚಿತ್ರ ಹಿಡಿದ ಜಯಂತಿ, ಕೊನೆಯಲ್ಲಿ ಪ್ರವೀಣ.

“ಇದು ಎಡಗಡೆ ಸ್ವಲ್ಪ ಜಾಸ್ತಿ ಏಳಬೇಕಿತ್ತು” ಎಂದೆ.

“ಹಪ್ಪಳಕ್ಕೆ ಎಡಗಡೆ ಯಾವುದು ರೀ?”

“ಇನ್ನೊಂದು ಕರಿ.”

ಅನುತ್ತೀರ್ಣವಾದ ಮಾಡುಗಳನ್ನು ಪ್ರವೀಣ ವಿಲೇವಾರಿ ಮಾಡುತ್ತಿದ್ದ. ಸಂಶೋಧನೆಯಲ್ಲಿ ಅವನಿಗೆ ಇಷ್ಟು ಆಸಕ್ತಿ ಇದೆಯೆಂದು ನನಗೆ ತಿಳಿದಿರಲಿಲ್ಲ. “ಸಾ, ಇದೂ ಸರಿ ಬರ್ನಿಲ್ಲ ಅನ್ಸುತ್ತೆ” ಎಂದು ಬಾಣಲೆಯಲ್ಲಿ ಇರುವಾಗಲೇ ತೀರ್ಪು ಕೊಡತೊಡಗಿದ. ಕೊನೆಗೊಂದು ಎದ್ದು ಬಂತು. ಜಯಂತಿ ಚಿತ್ರವನ್ನು ಪಕ್ಕಕ್ಕಿಟ್ಟು ನೋಡಿ ತಲೆಯಾಡಿಸಿದಳು. ಆಮೇಲೆ ಅವಳ ಮುಖದಲ್ಲಿ ಒಂದು ಅನುಮಾನ ಸುಳಿಯಿತು.

“ಸಾರ್, ಇದು ಚೆನ್ನೈ. ಅಪ್ಪಳಂ ನಮತ್ತು ಪೋಚ್ಚುನ್ನಾ? ಮೆತ್ತಗಾದ್ರೆ ಎನ್ನ ಮಾಡೋದು?”

“ಗಾಳಿ ಆಡದ ಡಬ್ಬದಲ್ಲಿ ಒಯ್ಯೋಣ. ಅಲ್ಲಿ ತೆಗೆದು ಕೂರಿಸಿ, ನಾಲ್ಕು ಮಾತಾಡಿ, ಮತ್ತೆ ಡಬ್ಬಕ್ಕೆ.”

“ನಾಲ್ಕೇ ಮಾತು ತಾನೇ ಸಾರ್?”

“ನಾಲ್ಕೇ.”

ನಾಲ್ಕರಲ್ಲಿ ನಿಲ್ಲಿಸುವ ಅಭ್ಯಾಸ ನನಗಿಲ್ಲವೆಂದು ಅವಳಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಐತಾಳರ ತಾಯಿ ಗಿರಿಜಮ್ಮನವರು ನಿವೇಶನವನ್ನೂ ನೋಡಿದ ಹಾಗಾಗುತ್ತದೆ ಎಂದು ಮಾದರಿ ತೋರಿಸುವ ಕಾರ್ಯಕ್ರಮ ಶೋಳಿಂಗನಲ್ಲೂರಿನಲ್ಲೇ ಏರ್ಪಾಡಾಗಿತ್ತು. ನಾವು ಬಾಡಿಗೆ ಕಾರಿನಲ್ಲಿ ಹೋದೆವು. ಮಾದರಿ ಪ್ರವೀಣನ ತೊಡೆಯ ಮೇಲೆ, ಸುಧಾಳ ಚಕ್ಕುಲಿ ಡಬ್ಬದಲ್ಲಿ ಮಾಡು ನನ್ನ ತೊಡೆಯ ಮೇಲೆ. ಖಾಲಿ ನಿವೇಶನದ ಅಂಚಿನಲ್ಲಿ ಒಂದು ತಗಡಿನ ನೆರಳು, ಅದರ ಕೆಳಗೆ ಮೇಜು. ಗಿರಿಜಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸೆರಗು ಹೊದ್ದು ಕುಳಿತಿದ್ದರು. ಐತಾಳರು ಪಕ್ಕದಲ್ಲಿ ಬೀಸಣಿಗೆಯಂತೆ ಒಂದು ದಿನಪತ್ರಿಕೆ ಬೀಸುತ್ತ ನಿಂತಿದ್ದರು. ಸಮುದ್ರದ ಕಡೆಯಿಂದ ಗಾಳಿ ಬರುತ್ತಿತ್ತು. ಅಂಗಿ ಆಗಲೇ ಬೆನ್ನಿಗೆ ಅಂಟಿತ್ತು.

ಪ್ರವೀಣ ರಟ್ಟಿನ ಗೋಡೆಗಳನ್ನು ಮೇಜಿನ ಮೇಲಿಟ್ಟ. ನಾನು ಡಬ್ಬ ತೆರೆದು, ಕಿರೀಟ ತೊಡಿಸುವವನಂತೆ, ಹಪ್ಪಳವನ್ನು ಕೂರಿಸಿದೆ. ಅದ್ಭುತವಾಗಿತ್ತು! ಐತಾಳರ ಹುಬ್ಬು ಮೇಲೇರಿತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ಮಾದರಿಗೆ ಬೆನ್ನು ಹಾಕಿ, ಐತಾಳರ ಕಡೆ ತಿರುಗಿ, “ಮಾನವ ಗುಹೆಯಿಂದ ಹೊರಗೆ ಬಂದ ದಿನ…” ಎಂದು ಆರಂಭಿಸಿದೆ.

ಗುಹೆಯಿಂದ ಹುಲ್ಲಿನ ಗುಡಿಸಲಿಗೆ ಬಂದೆ. ಗುಡಿಸಲಿನಿಂದ ಹೆಂಚಿನ ಮನೆಗೆ ಬಂದೆ. ಜಯಂತಿ ಕೆಮ್ಮಿದಳು. ಧೂಳಿಗಿರಬೇಕು ಎಂದುಕೊಂಡೆ. ದೇವಸ್ಥಾನದ ಪ್ರಾಕಾರಗಳನ್ನು ವರ್ಣಿಸುವಾಗ ಮತ್ತೆ ಕೆಮ್ಮಿದಳು. “ನೀರು ಕುಡೀಮ್ಮ” ಎಂದು ಮುಂದುವರಿಸಿದೆ. ಐತಾಳರ ದೃಷ್ಟಿ ನನ್ನ ಭುಜದ ಆಚೆ ನೆಟ್ಟಿತ್ತು. ಭಾಷಣದ ಗಹನತೆಯಲ್ಲಿ ದೂರ ದಿಗಂತ ನೋಡುತ್ತಿದ್ದಾರೆಂದು ಭಾವಿಸಿದೆ.

ಹಿಂದೆ ನಡೆದದ್ದನ್ನು ಪ್ರವೀಣ ನನಗೆ ಆಮೇಲೆ ವಿವರಿಸಿದ. ಮೊದಲು ಒಂದು ಮೂಲೆ, ಹಿರಿಯರನ್ನು ಕಂಡ ಸೊಸೆಯಂತೆ, ತಲೆ ತಗ್ಗಿಸಿತಂತೆ. ಆಮೇಲೆ ಎದುರಿನ ಮೂಲೆ. ಆಮೇಲೆ ನಡುವಿನ ಉಬ್ಬು ನಿಧಾನವಾಗಿ ಕುಸಿದು, ಮಾಡೆಂಬುದು ರಟ್ಟಿನ ಗೋಡೆಗಳ ಮೇಲೆ ಒದ್ದೆ ಟವಲಿನಂತೆ ಜೋತುಬಿತ್ತಂತೆ. ನಾನು ತಿರುಗಿದಾಗ ಕಂಡದ್ದು ಆ ಟವಲು.

ಅದನ್ನು ಎತ್ತಿ ನಿಲ್ಲಿಸಲು ಕೈ ಚಾಚಿದೆ. ಅಷ್ಟರಲ್ಲಿ ಕಾಗೆ ಬಂತು.

ಕರೆಂಟಿನ ತಂತಿಯಿಂದ ನೇರ ಮೇಜಿಗೆ ಇಳಿಯಿತು. ನಮ್ಮನ್ನೆಲ್ಲ ಒಮ್ಮೆ ನೋಡಿತು. ಮಾಡಿನ ಮುಂದಿನ ಮೂಲೆಗೆ ಕೊಕ್ಕು ಹಾಕಿ ಒಂದು ತುಂಡು ಹರಿದುಕೊಂಡು ಹಾರಿ, ಕಾಂಪೌಂಡಿನ ಮೇಲೆ ಕುಳಿತು, ನಿಧಾನವಾಗಿ ತಿಂದಿತು.

ಜಯಂತಿ ದೊಡ್ಡ ಕಚೇರಿಯ ಕೆಲಸದ ಬಗ್ಗೆ ಯೋಚಿಸುತ್ತಿದ್ದಳೆಂದು ಅವಳ ಮುಖವೇ ಹೇಳುತ್ತಿತ್ತು. ನಾನು ಕ್ಷಮಾಪಣೆಗೆ ಬಾಯಿ ತೆರೆದೆ. ಆಗ ಗಿರಿಜಮ್ಮ ಕುರ್ಚಿಯಿಂದ ಎದ್ದರು. ಕಾಗೆಯ ಕಡೆ ತಿರುಗಿ ಕೈ ಮುಗಿದರು. ಅವರ ಕಣ್ಣು ತುಂಬಿತ್ತು.

“ಅಮ್ಮಾ, ಎಂತ ಆಯ್ತು?” ಐತಾಳರು ಗಾಬರಿಯಾದರು.

“ನಿನ್ನ ಅಪ್ಪಯ್ಯ, ಮಗಾ! ಉದ್ದಿನ ಹಪ್ಪಳ ಅಂದ್ರೆ ಅವರಿಗೆ ಜೀವ ಅಲ್ವಾ? ತಿಥಿಯ ದಿನ ಎಷ್ಟು ಕರೆದ್ರೂ ಕಾಗೆ ಬರುದಿಲ್ಲ. ಇವತ್ತು ಕರೀದೆ ಬಂದ್ರು. ಬಂದು ಮುಟ್ಟಿದ್ರು. ಅವರಿಗೆ ಈ ಕಟ್ಟಡ ಒಪ್ಪಿಗೆ ಆಯ್ತು.”

ಹೀಗೆ ನನ್ನ ವೃತ್ತಿಜೀವನದ ಮೊದಲ ಪೂರ್ಣ ಕಟ್ಟಡಕ್ಕೆ ಪರಲೋಕದಿಂದ ಮಂಜೂರಾತಿ ಸಿಕ್ಕಿತು. ನಾನು ಸುಮ್ಮನೆ ಕೈಮುಗಿದು ನಿಂತಿದ್ದರೆ ಕಥೆ ಸುಖವಾಗಿ ಮುಗಿಯುತ್ತಿತ್ತು.

ಗಿರಿಜಮ್ಮ ಮೇಜಿನ ಹತ್ತಿರ ಬಂದು, ಕನ್ನಡಕ ಸರಿಮಾಡಿಕೊಂಡು, ಕಾಗೆ ಹರಿದ ಜಾಗದಲ್ಲಿ ಬಗ್ಗಿ ನೋಡಿದರು. “ಮಾಣಿ, ಈ ಒಟ್ಟೆಯ ಕೆಳಗೆ ಎಂತ ಉಂಟು?”

ಅವರ ಕಡೆ ಹುಡುಗನನ್ನೂ ಮಾಣಿ ಎನ್ನುತ್ತಾರೆ, ಹೋಟೆಲಿನಲ್ಲಿ ಬಡಿಸುವವನನ್ನೂ ಮಾಣಿ ಎನ್ನುತ್ತಾರೆ. ನನ್ನನ್ನು ಯಾವ ಅರ್ಥದಲ್ಲಿ ಕರೆದರೆಂದು ಯೋಚಿಸುವಷ್ಟು ಪುರಸೊತ್ತು ಇರಲಿಲ್ಲ. ಆ ತೂತಿನ ಕೆಳಗಿದ್ದದ್ದು ನಾನು ಹಠ ಹಿಡಿದು ಸೇರಿಸಿದ ಮುಂಭಾಗದ ಟಾಯ್ಲೆಟ್.

“ಅಡಿಗೆಮನೆ!” ಎಂದೆ.

“ಸಾ, ಅದು ಟಾಯ್ಲೆ…” ಎಂದು ಪ್ರವೀಣ ಕಿವಿಯಲ್ಲಿ ಪಿಸುಗುಟ್ಟಿದ. ಅವನ ಪಾದದ ಮೇಲೆ ನನ್ನ ಪಾದ ಇಟ್ಟೆ.

ಗಿರಿಜಮ್ಮ ಆ ತೂತಿನ ಅಂಚನ್ನು ಬೆರಳಿನಿಂದ ಸವರಿದರು. ಆಮೇಲೆ ಯಾರನ್ನೂ ನೋಡದೆ ಹೇಳಿದರು: “ನಾನು ಮದುವೆ ಆಗಿ ಈ ಊರಿಗೆ ಬಂದಾಗ ಹೋಟ್ಲಿನ ಅಡಿಗೆಕೋಣೆಗೆ ಒಂದು ಕಿಟಕಿ ಇರ್ಲಿಲ್ಲ. ಬೆಳಗಾದದ್ದು ಗಡಿಯಾರ ನೋಡಿಯೇ ಗೊತ್ತಾಗ್ಬೇಕು. ಮಳೆ ಬಂದದ್ದು ಗಿರಾಕಿಗಳ ಅಂಗಿ ನೋಡಿ ತಿಳಿಯುದು. ಮುಂದೆ ಕಟ್ಟುವಾಗ ನಿಂಗೆ ಆಕಾಶ ಕಾಣುವ ಅಡಿಗೆಮನೆ ಮಾಡಿಸ್ತೇನೆ ಅಂತ ಅವರು ಹೇಳ್ತಿದ್ರು. ಕಟ್ಟುವ ಯೋಗ ಬರ್ಲಿಲ್ಲ. ಈಗ ಜಾಗ ತೋರಿಸ್ಲಿಕ್ಕೆ ಬಂದ್ರು ನೋಡು.”

ಐತಾಳರು ದಿನಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಜಯಂತಿ ಕೆಳಗೆ ನೋಡುತ್ತಿದ್ದಳು. ಸತ್ಯ ಹೇಳಲು ಅದು ಸಮಯವಲ್ಲ ಎಂದು ಯಾರಿಗಾದರೂ ಅನಿಸುತ್ತಿತ್ತು. ಆದರೆ ಸುಳ್ಳನ್ನು ವಿಸ್ತರಿಸಲೂ ಅದು ಸಮಯವಾಗಿರಲಿಲ್ಲ. ನಾನು ವಿಸ್ತರಿಸಿದೆ.

“ಅಮ್ಮಾ, ಈ ರಂಧ್ರವೇ ನಮ್ಮ ವಿನ್ಯಾಸದ ಆತ್ಮ. ಮೊದಲಿನಿಂದಲೂ ಅಡಿಗೆಮನೆಗೆ ಆಕಾಶ ತೆರೀಬೇಕು ಅನ್ನೋದೇ ನಮ್ಮ ಕಲ್ಪನೆ!”

“ಹಾಗಾದ್ರೆ ಇದು ಇಲ್ಲೇ ಇರ್ಬೇಕು” ಎಂದರು ಗಿರಿಜಮ್ಮ. “ಅವರು ಮುಟ್ಟಿದ ಜಾಗ. ಆಚೀಚೆ ಮಾಡ್ಲಿಕ್ಕಿಲ್ಲ.”

ವಾಪಸು ಬರುವಾಗ ಕಾರು ಮೇಡವಾಕ್ಕಂ ದಾಟಿತು. ಆಮೇಲೆ ಜಯಂತಿ ಕಿಟಕಿಯ ಆಚೆ ನೋಡುತ್ತ ಕೇಳಿದಳು.

“ಸಾರ್, ಕಿಚನ್ ಮುಂದೆ ಬಂದ್ರೆ ಟಾಯ್ಲೆಟ್ ಎಂಗೆ ಪೋಗುಂ? ಎಲ್ಲಿ ಇಡೋದು?”

“ಎಲ್ಲರೂ ಸೇರಿ ಯೋಚಿಸೋಣ.”

“ಎಲ್ಲರೂ ಅಂದ್ರೆ ನಾನು, ಪ್ರವೀಣ್?”

ನನ್ನ ಮನಸ್ಸಿನಲ್ಲಿ ಆಗ ಇದ್ದದ್ದು ಒಂದೇ: ಆ ಹಪ್ಪಳದ ಬಾಗು. ಅಡಿಗೆಮನೆ, ಚರಂಡಿ, ಹೊಗೆಯ ಚಿಮಣಿ ಇಂಥ ಲೌಕಿಕ ವಿಷಯಗಳನ್ನು ಅವರಿಬ್ಬರಿಗೆ ಬಿಟ್ಟು, ಮಾಡಿನ ಉದ್ಧಾರಕ್ಕೆ ನಾನು ಏಕಾಂಗಿಯಾಗಿ ಹೊರಟೆ.

ಮೊದಲು ಹೋದದ್ದು ಕಟ್ಟಡಗಳ ಬಲಾಬಲ ನೋಡುವ ಇಂಜಿನಿಯರ್ ಸೆಲ್ವಂ ಅವರ ಬಳಿಗೆ. ಮೇಜಿನ ಮೇಲೆ ಡಬ್ಬ ಇಟ್ಟು, ಹಪ್ಪಳ ತೆಗೆದು, “ಇದನ್ನ ಕಾಂಕ್ರೀಟಿನಲ್ಲಿ ನಿಲ್ಲಿಸಬೇಕು” ಎಂದೆ. ಸೆಲ್ವಂ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಅಂಚನ್ನು ಬೆರಳಿನಿಂದ ಒತ್ತಿದರು. ಅದು ಮುರಿಯಿತು. ಮುರಿದ ತುಂಡನ್ನು ಬಾಯಿಗೆ ಹಾಕಿಕೊಂಡು ಗಂಭೀರವಾಗಿ ಅಗಿದರು.

“ಉಪ್ಪು ಕೊಂಜಂ ಜಾಸ್ತಿ ಸಾರ್” ಎಂದರು.

ಆಮೇಲೆ ಬಹಳ ಸೌಜನ್ಯದಿಂದ ವಿವರಿಸಿದರು. ಇಂಥ ಮಾಡು ನಿಲ್ಲುವುದಿಲ್ಲವೆಂದಲ್ಲ, ನಿಲ್ಲುತ್ತದೆ. ಆದರೆ ಅದನ್ನು ನಿಲ್ಲಿಸುವ ಕಂಬಗಳು ಎಷ್ಟು ದಪ್ಪ ಬೇಕೆಂದರೆ, ಅವುಗಳ ನಡುವೆ ಗಿರಾಕಿಗಳು ನಿಲ್ಲುವುದಿಲ್ಲ. ಅಲ್ಲದೆ ನಾನು ತೋರಿಸಿದ ಹಪ್ಪಳದ ಬಾಗು ನಾನು ಕೊಟ್ಟ ನಕ್ಷೆಯ ಬಾಗಿಗೆ ಹೊಂದುತ್ತಿರಲಿಲ್ಲ. ಹೊಂದುವುದು ಹೇಗೆ? ಮೊದಲನೆಯದನ್ನು ಕಾಗೆ ತಿಂದಿತ್ತು.

ಸರಿ, ಅಂಥದೇ ಇನ್ನೊಂದು ಕರಿಯಬೇಕು. ಮನೆಗೆ ಬಂದು ಹೇಳಿದೆ. ಸುಧಾ ಜಾಲರಿ ಸೌಟನ್ನು ನನ್ನ ಕೈಗೆ ಕೊಟ್ಟಳು.

“ಇನ್ನು ಮಾಡು ಬೇಕಾದ್ರೆ ನೀವೇ ಕರಿದ್ಕೊಳಿ. ನನಗೆ ಕನಸಲ್ಲೂ ಎಣ್ಣೆ ಕಾಯ್ತಿದೆ.”

ಕರಿದೆ. ಬಾಗನ್ನು ನಿಯಂತ್ರಿಸಲು ಎರಡು ಇಕ್ಕಳದಲ್ಲಿ ಎರಡು ಕಡೆ ಹಿಡಿದು, ಕಣ್ಣನ್ನು ಬಾಣಲೆಯ ಮಟ್ಟಕ್ಕೆ ತಂದು, ಬೆಂಕಿಯ ಕಡೆ ಗಮನ ಕೊಡದೆ ಕರಿದೆ. ಅಡಿಗೆಮನೆಯಿಂದ ಹೊರಟ ಹೊಗೆ ಇಡೀ ಮಹಡಿಯ ಸಮಾಚಾರವಾಯಿತು. ಮೇಲಿನ ಮನೆಯವರು ಬಕೆಟ್ಟಿನಲ್ಲಿ ನೀರು ಹಿಡಿದು ಬಂದು ಬಾಗಿಲು ಬಡಿದರು.

“ಎನ್ನ ಸಾರ್, ಫೈರಾ?”

“ಇಲ್ಲ, ಡಿಸೈನ್” ಎಂದಳು ಸುಧಾ.

ಕಪ್ಪಗೆ ಸುಟ್ಟ ಆ ಹಪ್ಪಳ ಮಾತ್ರ ಜಯಂತಿಯ ಚಿತ್ರಕ್ಕೆ ಸರಿಯಾಗಿ ಹೊಂದುತ್ತಿತ್ತು! ಅದನ್ನು ಡಬ್ಬದಲ್ಲಿಟ್ಟುಕೊಂಡು ವಿಜಯಿಯಾಗಿ ಸ್ಟುಡಿಯೊಗೆ ಹೋದೆ.

ಬಾಗಿಲಲ್ಲೇ ನಿಂತೆ. ಗೋಡೆ ಕಾಣುತ್ತಿರಲಿಲ್ಲ. ಹಾಳೆಯ ಮೇಲೆ ಹಾಳೆ, ಗೆರೆಯ ಮೇಲೆ ಗೆರೆ. ಜಯಂತಿ ಬರೆದದ್ದರ ಮೇಲೆ ಪ್ರವೀಣ ತಿದ್ದಿದ್ದ, ಪ್ರವೀಣ ತಿದ್ದಿದ್ದರ ಮೇಲೆ ಜಯಂತಿ ಮತ್ತೆ ಬರೆದಿದ್ದಳು. ಮೇಜಿನ ಮೇಲೆ ರಟ್ಟಿನ ಹೊಸ ಮಾದರಿ. ಬಾಗೂ ಇಲ್ಲ, ಬಳುಕೂ ಇಲ್ಲ, ನೇರವಾದ ಇಳಿಜಾರಿನ ಸಾದಾ ಹೆಂಚಿನ ಮಾಡು. ಟಾಯ್ಲೆಟ್ ಮರ್ಯಾದೆಯಿಂದ ಹಿಂದಕ್ಕೆ ಹೋಗಿತ್ತು. ಕಾಗೆ ಮುಟ್ಟಿದ ಜಾಗದಲ್ಲೇ, ಅಂದರೆ ರಸ್ತೆಯ ಕಡೆಯ ಮೂಲೆಯಲ್ಲಿ, ಅಡಿಗೆಮನೆ. ಅದರ ಮೇಲೆ ಮಾಡಿನಲ್ಲಿ ಆಕಾಶಕ್ಕೆ ತೆರೆದ ಕಿಂಡಿ, ಮಳೆಗೆ ಗಾಜಿನ ಮುಚ್ಚಳ. ಪ್ರವೀಣ ಟಾರ್ಚನ್ನು ಮೇಲಿನಿಂದ ಹಿಡಿದು ತೋರಿಸಿದ. ಬೆಳಕು ನೇರವಾಗಿ ದೋಸೆಯ ಹಂಚಿನ ಮೇಲೆ ಬಿತ್ತು. ರಸ್ತೆಯ ಕಡೆಯಿಂದ ಬಗ್ಗಿ ನೋಡಿದೆ. ಕತ್ತಲ ಹಿನ್ನೆಲೆಯಲ್ಲಿ ಬೆಳಗುವ ಹಂಚೊಂದೇ ಕಾಣುತ್ತಿತ್ತು. ಬ್ರೇಕ್ ಹಾಕದೆ ಯಾರು ಮುಂದೆ ಹೋದಾರು?

“ಇದು ಯಾರ ಐಡಿಯಾ?” ಎಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

“ತೆರಿಯಲೆ ಸಾರ್” ಎಂದಳು ಜಯಂತಿ. “ನಾನೊಂದು ಹೇಳಿದೆ, ಅವನೊಂದು ಹೇಳಿದ, ಜಗಳ ಆಡಿದ್ವಿ. ಆಮೇಲೆ ಯಾರ್ದು ಎಲ್ಲಿ ಸೇರ್ತು ಅಂತ ಗೊತ್ತಾಗಲಿಲ್ಲ. ನಿಜವಾಗ್ಲೂ.”

ಕಲ್ಪನೆ ನಾಲ್ಕು ಜನರ ನಡುವೆ ಹುಟ್ಟಬೇಕು, ಯಾರದೆಂದು ಗೊತ್ತಾಗಬಾರದು ಎಂಬ ನನ್ನ ಸಿದ್ಧಾಂತ ಅಕ್ಷರಶಃ ನಿಜವಾಗಿತ್ತು. ನಾನು ಅಲ್ಲಿ ಇಲ್ಲದಿದ್ದಾಗ!

ಕೈಯಲ್ಲಿದ್ದ ಡಬ್ಬವನ್ನು ಮೆಲ್ಲಗೆ ಮೇಜಿನ ಕೆಳಗೆ ಇಟ್ಟೆ. ಜಯಂತಿ ಹೊಸ ಹಾಳೆ ಹಾಸುತ್ತ, ತಲೆ ಎತ್ತದೆ ಹೇಳಿದಳು: “ಸಾರ್, ಆ ದೊಡ್ಡ ಆಫೀಸಿಗೆ ವರಲೆ, ಬರಲ್ಲ ಅಂತ ಹೇಳ್ಬಿಟ್ಟೆ. ಇದು ಮುಗಿಸಬೇಕು.” ನನಗೆ ಸಂತೋಷವಾಯಿತು. ಪೂರ್ತಿ ಸಂತೋಷವೇ ಆಯಿತೆಂದು ಹೇಳಿದರೆ ಮತ್ತೆ ಸುಳ್ಳಾಗುತ್ತದೆ.

ಹೊಸ ನಕ್ಷೆಯನ್ನು ಐತಾಳರಿಗೆ ಒಪ್ಪಿಸಲು ನಾನೊಬ್ಬನೇ ಹೋದೆ. ಅವರು ಪೂರ್ತಿ ನೋಡಿ, ಬಹಳ ಮೆಚ್ಚಿಕೊಂಡರು. ಮನಸ್ಸು ಕೊರೆಯುತ್ತಿತ್ತು. ಕೊನೆಗೂ ಧೈರ್ಯ ಮಾಡಿ, “ಸರ್, ಒಂದು ವಿಷಯ. ಅವತ್ತು ಆ ಕಾಗೆ ಮುಟ್ಟಿದ ಜಾಗದಲ್ಲಿ ನಿಜವಾಗಿ ಇದ್ದದ್ದು…” ಎಂದೆ.

“ಗೊತ್ತುಂಟು ಮಾರಾಯ್ರೆ” ಎಂದರು ಐತಾಳರು, ನಕ್ಷೆ ಸುತ್ತುತ್ತ. “ರಟ್ಟಿನಲ್ಲಿ ಅಷ್ಟು ಚಂದದ ಕಮೋಡು ಮಾಡಿ ಇಟ್ಟಿದ್ರಲ್ಲ, ನಂಗೆ ಕಾಣುದಿಲ್ವಾ? ಅಮ್ಮನಿಗೆ ಹೇಳ್ಲಿಕ್ಕೆ ಹೋಗ್ಬೇಡಿ, ಅಷ್ಟೆ.”

ಕಟ್ಟಡ ಎದ್ದಿತು. ಹೋಟೆಲಿನ ಪ್ರಾರಂಭದ ದಿನ ಹೋಮದ ಹೊಗೆ ಕೂಡ ಅದೇ ಕಿಂಡಿಯಿಂದ ಲಕ್ಷಣವಾಗಿ ಮೇಲೆ ಹೋಯಿತು. ಆಮೇಲೆ ಸನ್ಮಾನ. ಐತಾಳರು ಜಯಂತಿಗೆ ಶಾಲು ಹೊದಿಸಿದರು. ಪ್ರವೀಣನಿಗೆ ಹೊದಿಸಿದರು. ಮಾಡು ನಿಲ್ಲಿಸಿದ ಸೆಲ್ವಂ ಅವರಿಗೆ ಹೊದಿಸಿದರು. ನಾನು ಅಂಗಿಯ ಕಾಲರು ಸರಿಮಾಡಿಕೊಂಡೆ. ಗಿರಿಜಮ್ಮ, “ಹಪ್ಪಳ ಕರಿದವರು ಯಾರು? ಅವರನ್ನ ಕರೀರಿ” ಎಂದರು. ಸುಧಾಗೆ ಕುಂಕುಮ ಕೊಟ್ಟು, ಸೀರೆ ಕೊಟ್ಟು, ತಲೆ ಸವರಿದರು. ಅವಳ ಕೈಚೀಲ ಹಿಡಿದುಕೊಳ್ಳುವ ಕೆಲಸ ನನಗೆ ಬಂತು.

ಗದ್ದಲ ಕಡಿಮೆಯಾದ ಮೇಲೆ ನಾನು ಒಬ್ಬನೇ ಅಡಿಗೆಮನೆಗೆ ಹೋದೆ. ಹೊರಗೆ ರಸ್ತೆಯಲ್ಲಿ ಯಾವುದೋ ಕಂಪನಿಯ ಕ್ಯಾಬು ನಿಧಾನವಾಗುವುದು ಕೇಳಿಸಿತು. ಕಿಂಡಿಯಿಂದ ಬಿಸಿಲು ಒಂದು ಕಂಬದಂತೆ ನೆಲಕ್ಕೆ ಇಳಿದಿತ್ತು. ಆ ಬಿಸಿಲಿನ ಪಕ್ಕದಲ್ಲಿ ಗಿರಿಜಮ್ಮ ಮಣೆ ಹಾಕಿಕೊಂಡು, ಮೊರದಲ್ಲಿ ಉದ್ದಿನಬೇಳೆ ಹರಡಿಕೊಂಡು, ಕಲ್ಲು ಆರಿಸುತ್ತಿದ್ದರು. ಆ ಕೆಲಸ ಮಾಡಲು ಅಲ್ಲಿ ಬೇಕಾದಷ್ಟು ಜನರಿದ್ದರು. ಅವರಿಗೆ ಅಲ್ಲಿ ಕೂರಬೇಕಿತ್ತು, ಅಷ್ಟೆ. ನಾನು ಬಿಸಿಲಿನ ನಡುವೆ ಹೋಗಿ ನಿಂತು, ಸೊಂಟದ ಮೇಲೆ ಕೈಯಿಟ್ಟು, ತಲೆ ಎತ್ತಿ ಆಕಾಶ ನೋಡಿದೆ. ಎಲ್ಲ ಹೇಳಿ ಕೇಳಿ ಆದ ಮೇಲೂ, ಇದರಲ್ಲಿ ನನ್ನದೂ ಏನೋ ಇದೆ ಎನ್ನಿಸಿತು.

“ಮಾಣಿ” ಎಂದರು ಗಿರಿಜಮ್ಮ, ಮೊರದಿಂದ ತಲೆ ಎತ್ತದೆ.

“ಹೇಳಿ ಅಮ್ಮಾ.”

“ಸ್ವಲ್ಪ ಆಚೆ ನಿಲ್ಲು. ಬೆಳಕಿಗೆ ಅಡ್ಡ ಆಯ್ತು.”

ಆಚೆ ನಿಂತೆ. ಆ ಕಟ್ಟಡದ ವಿನ್ಯಾಸಕ್ಕೆ ನಾನು ಸಲ್ಲಿಸಿದ ಅತ್ಯಂತ ಉಪಯುಕ್ತ ಸೇವೆ ಅದೇ ಇರಬೇಕು.